ಏಳರಿಂದ ಎಂಟಕ್ಕೆ ದಾಟುವ ಮಕ್ಕಳ ಪರವಾಗಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಎಸ್. ಮಧು ಬಂಗಾರಪ್ಪನವರಿಗೆ,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು ಹಾಗೂ ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರು



ರಾಜ್ಯದ ಶಾಲೆಗಳ ಹೊಣೆ ನಿಮ್ಮದು, ಶಿವಮೊಗ್ಗ ಜಿಲ್ಲೆಯ ಉಸ್ತುವಾರಿಯೂ ನಿಮ್ಮದೇ. ಎರಡೂ ಒಂದೇ ಕೈಯಲ್ಲಿರುವುದು ಅಪರೂಪ. ಹಾಗಾಗಿ, ರಾಜ್ಯಮಟ್ಟದಲ್ಲಿ ಕೇಳಿದರೆ ಕಡತ ಸೇರಿಬಿಡಬಹುದಾದ ಒಂದು ಕೋರಿಕೆಯನ್ನು ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಮಟ್ಟಿಗೆ ನಿಮ್ಮ ಮುಂದಿಡುತ್ತಿದ್ದೇನೆ. ಏಳನೇ ತರಗತಿಯ ಪ್ರತಿ ಮಗುವಿಗೂ, ಹೈಸ್ಕೂಲು ಸೇರುವ ಮೊದಲು, ತನಗೆ ಏನು ಒಗ್ಗುತ್ತದೆ, ಯಾವ ಕೆಲಸದಲ್ಲಿ ತಾನು ಮೈಮರೆಯುತ್ತೇನೆ ಎಂದು ಕಂಡುಕೊಳ್ಳಲು ಹತ್ತು ದಿನ ಕೊಡಿ. ಕಂಡದ್ದನ್ನು ಹೈಸ್ಕೂಲಿಗೆ ಮುಟ್ಟಿಸಲು ಒಂದು ಹಾಳೆ ಕೊಡಿ.

ಜೂನ್ ಬಂತೆಂದರೆ ಹೈಸ್ಕೂಲಿನ ಆಫೀಸಿನ ಮುಂದೆ ಸಾಲು ನಿಲ್ಲುತ್ತದೆ. ಮೇಜಿನ ಮೇಲೆ ಟಿ.ಸಿ., ಏಳನೇ ತರಗತಿಯ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಎರಡು ಫೋಟೊ. ಸ್ಯಾಟ್ಸ್ ನಂಬರ್ ಹಾಕಿದರೆ ಮಗು ಹಳೆಯ ಶಾಲೆಯಿಂದ ಹೊಸ ಶಾಲೆಯ ಲೆಕ್ಕಕ್ಕೆ ಬಂದುಬಿಡುತ್ತದೆ. ಆದರೆ ಒಂದನೇ ತರಗತಿಯಿಂದ ಅದನ್ನು ಕಣ್ಣೆದುರು ಕಂಡ ಪ್ರಾಥಮಿಕ ಶಾಲೆಯ ಮೇಡಂಗೆ ಗೊತ್ತಿದ್ದದ್ದು ಯಾವುದೂ ಆ ಮೇಜಿಗೆ ಬರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಭದ್ರಾವತಿಯ ಕಾಗದನಗರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ನೆನಪಾಗುತ್ತಾಳೆ. ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಪರೀಕ್ಷೆಯಲ್ಲಿ ಪಾಸಿನ ಗೆರೆ ದಾಟಿದರೆ ಹೆಚ್ಚು. ಒಂಬತ್ತನೇ ತರಗತಿಯಲ್ಲಿದ್ದಾಗ, ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ಸಂಜೆ ಶಾಲೆಯ ಮೈಕ್ ಸೆಟ್ ಕೆಟ್ಟಿತು. ಇವಳು ಬಂದು ಆಂಪ್ಲಿಫೈಯರಿನ ಹಿಂಬದಿ ಬಿಚ್ಚಿ, ಒಂದೊಂದೇ ವೈರನ್ನು ಉಗುರಿನಿಂದ ಅಲುಗಾಡಿಸಿ ನೋಡಿ, ಬಿಟ್ಟುಕೊಂಡಿದ್ದ ಬೆಸುಗೆಯನ್ನು ತೋರಿಸಿದಳು. ಅವಳ ಹಳೆಯ ಶಾಲೆಯ ಮೇಡಂಗೆ ಈ ಸಂಗತಿ ಹೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. “ಅದು ನಮಗೆಲ್ಲ ಗೊತ್ತಿತ್ತಲ್ಲ, ಬಿಸಿಯೂಟದ ಅಕ್ಕನ ಮಿಕ್ಸಿ ಕೆಟ್ರೆ ಇವಳನ್ನೇ ಕರೀತಿದ್ವಿ” ಎಂದರು. ಎರಡು ಶಾಲೆಗಳ ನಡುವೆ ಇದ್ದದ್ದು ಒಂದು ರಸ್ತೆ. ಆ ಮಾತು ರಸ್ತೆ ದಾಟಿ ಬರಲು ವರ್ಷ ಕಳೆಯಿತು.

ಸ್ವಾಮಿ, ನಮ್ಮಲ್ಲಿ ಎಂಟನೇ ತರಗತಿಯ ಬಾಗಿಲಲ್ಲೇ ದೊಡ್ಡ ದೊಡ್ಡ ತೀರ್ಮಾನಗಳು ಆಗಿಹೋಗುತ್ತವೆ. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ? ಪ್ರಥಮ ಭಾಷೆ ಕನ್ನಡವೋ ಸಂಸ್ಕೃತವೋ? ಇದರಲ್ಲಿ ಭಾಷೆಯ ಮೇಲಿನ ಪ್ರೀತಿಗಿಂತ ಎಸ್ಸೆಸ್ಸೆಲ್ಸಿಯ ಅಂಕಗಳ ಲೆಕ್ಕವೇ ಮುಂದೆ ನಿಲ್ಲುವುದು ಎಲ್ಲರಿಗೂ ಗೊತ್ತು. ದುಡ್ಡಿದ್ದವರ ಮನೆಯಲ್ಲಿ ‘ಫೌಂಡೇಶನ್’ ಕೋಚಿಂಗ್ ಕೂಡ ಆಗಲೇ ಶುರು. ಹನ್ನೆರಡು-ಹದಿಮೂರರ ಮಗುವನ್ನು ಕೂರಿಸಿಕೊಂಡು “ನಿನಗೇನು ಇಷ್ಟ?” ಎಂದು ಕೇಳುವವರು ಕಡಿಮೆ. ಕೇಳಿದರೂ ಅದು ಡಾಕ್ಟರ್, ಎಂಜಿನಿಯರ್, ಪೊಲೀಸ್ ಎನ್ನುತ್ತದೆ. ಕಾಣದ್ದನ್ನು ಅದು ಹೇಗೆ ಹೇಳೀತು?

ಸರ್ಕಾರಕ್ಕೆ ಈ ವಯಸ್ಸಿನ ಮಹತ್ವ ತಿಳಿಯದೆಯೇನಿಲ್ಲ. ಹೈಸ್ಕೂಲಿನ ದೂರಕ್ಕೆ ಹೆದರಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆಂದೇ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂತು. ನಿಮ್ಮ ಅವಧಿಯಲ್ಲಿ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಹೊಟ್ಟೆಗೆ, ಕಾಲಿಗೆ ಬೇಕಾದದ್ದನ್ನು ಯೋಚಿಸಿದ ವ್ಯವಸ್ಥೆ ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಪರೀಕ್ಷೆಯ ಕಡೆಗೇ ತಿರುಗುತ್ತದೆ. 5, 8, 9ನೇ ತರಗತಿಗಳ ಮೌಲ್ಯಾಂಕನದ ವಿಚಾರ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಫಲಿತಾಂಶಕ್ಕೆ ತಡೆ ಬಂತು. ಎಂಟನೇ ತರಗತಿಯ ಮಗುವನ್ನು ಅಳೆಯುವುದಕ್ಕೆ ಅಷ್ಟೆಲ್ಲ ಹೋರಾಡಿದೆವು. ಅದನ್ನು ಅರಿಯುವುದಕ್ಕೆ ಅಷ್ಟು ಉತ್ಸಾಹ ಕಾಣಲಿಲ್ಲ.

ಭದ್ರಾವತಿಯವರಿಗೆ ಇದು ಇನ್ನೂ ಹತ್ತಿರದ ನೋವು. ಇಲ್ಲಿ ಒಂದು ಕಾಲಕ್ಕೆ ಮಕ್ಕಳು ತಮ್ಮ ಮುಂದಿನ ದಾರಿ ಹುಡುಕಬೇಕಾಗಿಯೇ ಇರಲಿಲ್ಲ. ಅಪ್ಪ ಫ್ಯಾಕ್ಟರಿಯಲ್ಲಿದ್ದರೆ ಮಗನೂ ಐ.ಟಿ.ಐ. ಮಾಡಿ ಫ್ಯಾಕ್ಟರಿ ಸೇರುವುದು. ನ್ಯೂಟೌನಿನಲ್ಲಿ ಕಬ್ಬಿಣ, ಕಾಗದನಗರದಲ್ಲಿ ಕಾಗದ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆಗೆ ನೂರು ತುಂಬುವ ಹೊತ್ತಿಗೆ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಬಂದು ಊರೇ ಬೀದಿಗಿಳಿಯಿತು. ಈಗ ಏಳನೇ ತರಗತಿಯಲ್ಲಿರುವ ಮಗು ಕಾಗದ ಕಾರ್ಖಾನೆ ನಡೆದದ್ದನ್ನು ಕಂಡೇ ಇಲ್ಲ. ಅದರ ಅಪ್ಪ ಬೆಂಗಳೂರಿನಲ್ಲಿ ಸೆಕ್ಯುರಿಟಿಯೋ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸವೋ ಮಾಡುತ್ತಿರಬಹುದು. ಹಳೆಯ ದಾರಿ ಮುಚ್ಚಿತು. ಹೊಸ ದಾರಿ ಯಾವುದೆಂದು ಆ ಮಗುವಿಗೆ ಯಾರೂ ತೋರಿಸಿಲ್ಲ.

ಆ ಕಬ್ಬಿಣದ ಕಾರ್ಖಾನೆಯ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಲೇಬೇಕು. ಅದನ್ನು ದಡ ಸೇರಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಆ ಸೇವೆಗೆ ತಮಗೆ ಸಲ್ಲಬೇಕಾಗಿದ್ದ, ಲಕ್ಷ ರೂಪಾಯಿ ಮೀರಿದ ಸಂಭಾವನೆಯನ್ನು ಮುಟ್ಟಲಿಲ್ಲ. ಹುಡುಗರು ಕೈಕೆಲಸ ಕಲಿಯುವ ಸಂಸ್ಥೆಯೊಂದನ್ನು ಆ ಹಣದಲ್ಲಿ ಕಟ್ಟಿಸಿ ಎಂದರು. ತಮ್ಮ ಹೆಸರಿಡುವುದೂ ಬೇಡ ಎಂದರು. ಹಾಗೆ ಹುಟ್ಟಿದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ಎಸ್.ಜೆ. ಪಾಲಿಟೆಕ್ನಿಕ್ ಆಗಿ ಇವತ್ತಿಗೂ ನಡೆಯುತ್ತಿದೆ. ಭದ್ರಾವತಿಯ ಬೆವರಿನ ದುಡ್ಡು ಬೆಂಗಳೂರಿನ ಮಕ್ಕಳ ಕೈ ಪಳಗಿಸಿತು. ಈಗ ಭದ್ರಾವತಿಯ ಮಕ್ಕಳ ಸರದಿ ಎಂದು ಕೇಳುವ ಹಕ್ಕು ನಮಗಿದೆ.

ಹತ್ತು ದಿನದಲ್ಲಿ ಏನು ಮಾಡುವುದು? ಈ ಎರಡು ಊರುಗಳಲ್ಲಿ ನೋಡಲಿಕ್ಕೇನು ಕಡಿಮೆ! ಆಕಾಶವಾಣಿ ಭದ್ರಾವತಿಯ ಸ್ಟುಡಿಯೊದಲ್ಲಿ ಒಂದು ಮಗು ತನ್ನದೇ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಲಿ. ಮೆಗ್ಗಾನ್ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಲಿ. ಆಸ್ಪತ್ರೆಯೆಂದರೆ ಡಾಕ್ಟರು ಒಬ್ಬರೇ ಅಲ್ಲವೆಂಬುದು ಅಲ್ಲಿ ತಾನೇ ತಿಳಿಯುತ್ತದೆ. ಅಡಿಕೆ ಮಂಡಿಯಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು, ಸರಕು ಯಾವುದು, ಗೊರಬಲು ಯಾವುದು ಎಂದು ಮುಷ್ಟಿಯಲ್ಲಿ ಹಿಡಿದೇ ಹೇಳುವವರ ಪಕ್ಕ ಅರ್ಧ ದಿನ ಕೂರಲಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಂದು ಎಂಜಿನ್ ಬಿಚ್ಚಿ ಜೋಡಿಸುವುದನ್ನು, ಸಕ್ರೆಬೈಲಿನ ಆನೆ ಬಿಡಾರದಲ್ಲಿ ಮಾವುತರು ಆನೆಯ ಮೈ ಉಜ್ಜುವುದನ್ನು ನೋಡಲಿ. ನವುಲೆಯ ಕೃಷಿ ಕಾಲೇಜಿನಲ್ಲಿ ಕಸಿ ಕಟ್ಟಲಿ. ಶಿವಮೊಗ್ಗ ರಂಗಾಯಣದ ರಿಹರ್ಸಲ್ ಇದೆ. ರಂಗಭೂಮಿಗೆ ನೀನಾಸಂ ಕೊಟ್ಟ ಜಿಲ್ಲೆ ನಮ್ಮದು. ಫೌಂಡ್ರಿಗಳಲ್ಲಿ ಕಾದ ಲೋಹದ ಹತ್ತಿರ ಮಕ್ಕಳು ಸುಳಿಯಬಾರದು, ಆದರೆ ಅಚ್ಚಿಗೆ ಮಾದರಿ ಮಾಡುವ ಕೋಣೆಯಲ್ಲಿ ಮರ, ಅಳತೆ, ರೇಖಾಗಣಿತ ಮೂರೂ ಒಟ್ಟಿಗೆ ಸಿಗುತ್ತವೆ. ಪುಸ್ತಕದ ರೇಖಾಗಣಿತಕ್ಕೆ ಬೆನ್ನು ತಿರುಗಿಸಿದ ಮಗು ಅಲ್ಲಿ ಕಣ್ಣರಳಿಸಬಹುದು.

ಇದು ನನ್ನ ಕಲ್ಪನೆಯೇನಲ್ಲ. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತಗಳ ಮೂಲಕ ಮಕ್ಕಳನ್ನು ತೆರೆದು ನೋಡಲು ಹೊರಟಿದ್ದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸವನ್ನು ಕಲಿಕೆಯ ನಡುಮಧ್ಯೆ ಇಟ್ಟರು. ನಮ್ಮಷ್ಟೇ ಪರೀಕ್ಷೆಯ ಹುಚ್ಚಿರುವ ದಕ್ಷಿಣ ಕೊರಿಯಾ 2013ರಲ್ಲಿ ಕೆಲವು ಶಾಲೆಗಳಲ್ಲಿ ಆರಂಭಿಸಿ, 2016ರ ಹೊತ್ತಿಗೆ ಎಲ್ಲ ಮಾಧ್ಯಮಿಕ ಶಾಲೆಗಳಲ್ಲೂ ಒಂದು ಸೆಮಿಸ್ಟರನ್ನು ಲಿಖಿತ ಪರೀಕ್ಷೆಯಿಲ್ಲದೆ ಮಕ್ಕಳ ಆಸಕ್ತಿಯ ಹುಡುಕಾಟಕ್ಕೆ ಬಿಟ್ಟುಕೊಟ್ಟಿತು. 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂಬ ಮಾತು ಕೇಂದ್ರದ 2020ರ ಶಿಕ್ಷಣ ನೀತಿಯಲ್ಲೂ ಇದೆ. ಆ ನೀತಿಯನ್ನು ನಿಮ್ಮ ಸರ್ಕಾರ ಒಪ್ಪಿಲ್ಲ. ಅದರ ಕಾರಣಗಳ ಚರ್ಚೆ ಇಲ್ಲಿ ಬೇಡ. ಒಳ್ಳೆಯ ವಿಚಾರ ಯಾವ ಪುಸ್ತಕದಲ್ಲಿದೆ ಎಂಬ ಕಾರಣಕ್ಕೆ ಮಕ್ಕಳಿಗೆ ತಪ್ಪದಿರಲಿ ಎಂದಷ್ಟೇ ಕೇಳುತ್ತೇನೆ. ರಾಜ್ಯದ ಶಿಕ್ಷಣ ನೀತಿ ರೂಪಿಸಲು ನೇಮಕವಾದ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಜಾರಿಯಾಗಿ ಪ್ರಾಥಮಿಕ ಹಂತ ಎಂಟನೇ ತರಗತಿಯವರೆಗೆ ಹಿಗ್ಗಿದರೆ ಈ ಹತ್ತು ದಿನವನ್ನು ಎಂಟಕ್ಕೆ ಸರಿಸಿದರಾಯಿತು.

ಇದರಲ್ಲಿ ಒಂದು ನಿಜವಾದ ಅಪಾಯವಿದೆ. ಬಡವರ ಮಕ್ಕಳನ್ನು ಗ್ಯಾರೇಜಿಗೆ, ಸಿರಿವಂತರ ಮಕ್ಕಳನ್ನು ಲ್ಯಾಬಿಗೆ ಕಳಿಸಿ, ಕಡೆಗೆ “ನಿನಗೆ ಇದೇ ಸರಿ” ಎಂದು ಮುದ್ರೆ ಒತ್ತಿಬಿಡುವ ಅಪಾಯ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಅರ್ಧ ದಿನ ಶಾಲೆ, ಉಳಿದರ್ಧ ದಿನ ಅಪ್ಪನ ಕಸುಬು ಎಂಬ ಯೋಜನೆ ತಂದರು. ನಮ್ಮ ದಕ್ಷಿಣ ಕನ್ನಡ ಆಗ ಆ ರಾಜ್ಯದಲ್ಲೇ ಇತ್ತು. ಇದು ಕುಲಕಸುಬಿಗೆ ಮಕ್ಕಳನ್ನು ಮತ್ತೆ ಕಟ್ಟಿಹಾಕುವ ಹುನ್ನಾರವೆಂದು ಜನ ಸಿಡಿದೆದ್ದರು. ಮರುವರ್ಷ ರಾಜಾಜಿ ಅಧಿಕಾರದಿಂದ ಇಳಿದರು, ಕಾಮರಾಜರು ಯೋಜನೆಯನ್ನೇ ಕೈಬಿಟ್ಟರು. ಆ ಜನರ ಸಿಟ್ಟು ನ್ಯಾಯವಾದದ್ದು. ಆದ್ದರಿಂದ ನಾನು ಕೇಳುತ್ತಿರುವ ಹತ್ತು ದಿನಕ್ಕೆ ಮೊದಲ ಷರತ್ತೇ ಇದು: ಯಾವ ಮಗುವೂ ತನ್ನ ಮನೆಯ ಕಸುಬಿನ ಜಾಗಕ್ಕೆ ಹೋಗಬಾರದು. ವಿನೋಬನಗರದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ಮಗುವೂ, ಹೊಸಮನೆಯ ಸರ್ಕಾರಿ ಶಾಲೆಯ ಮಗುವೂ ಒಂದೇ ಗುಂಪಿನಲ್ಲಿ ಹೋಗಬೇಕು. ವಕೀಲರ ಮಗ ಎಂಜಿನ್ ಆಯಿಲ್ ಮುಟ್ಟಲಿ, ಪೌರಕಾರ್ಮಿಕರ ಮಗಳು ಮೈಕ್ರೊಫೋನಿನ ಮುಂದೆ ಕೂರಲಿ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದನ್ನು ಕಾನೂನು ನಿಷೇಧಿಸಿದೆ. ಇಲ್ಲಿ ದುಡಿಮೆಯ ನೆರಳೂ ಇರಬಾರದು. ನೋಡುವುದು, ಕೇಳುವುದು, ಟೀಚರ ಎದುರಿನಲ್ಲಿ ಒಮ್ಮೆ ಕೈಯಾಡಿಸುವುದು, ಅಷ್ಟೇ.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿ ದೊಡ್ಡವಳಾದ ಮೇಲೆ ಶಾಲೆ-ಮನೆ ಬಿಟ್ಟರೆ ಬೇರೆ ದಾರಿ ಇಲ್ಲ. ಊರು ಸುತ್ತಿ ನೋಡಲು ಅವಳಿಗೆ ಸಿಗುವ ಕೊನೆಯ ವರ್ಷ ಬಹುಪಾಲು ಏಳನೇ ತರಗತಿಯದೇ. ಅಣ್ಣನ ಜೊತೆಗೂ ಹೋಗದ ಜಾಗಕ್ಕೆ ಮೇಡಂ ಕೈಹಿಡಿದು ಕರೆದೊಯ್ದರೆ ಅಮ್ಮಂದಿರು ಬೇಡ ಎನ್ನುವುದಿಲ್ಲ.

ಇನ್ನು ಆ ಹಾಳೆ. ಮಗುವನ್ನು ಬಲ್ಲ ಟೀಚರು ಹತ್ತು ಸಾಲು ಬರೆಯಲಿ, ಮಗು ತನ್ನ ಕೈಯಲ್ಲೇ ಹತ್ತು ಸಾಲು ಬರೆಯಲಿ. ಅಂಕ ಬೇಡ, ಶ್ರೇಣಿ ಬೇಡ, “ಮುಂದೆ ಇವನು ಇಂಥದ್ದಾಗಬೇಕು” ಎಂಬ ಭವಿಷ್ಯವಾಣಿ ಖಂಡಿತ ಬೇಡ. ಏನು ಮಾಡುವಾಗ ಊಟದ ಗಂಟೆ ಮರೆಯುತ್ತದೆ, ಯಾವುದಕ್ಕೆ ಹೆದರುತ್ತದೆ, ಗುಂಪಿನಲ್ಲಿ ಮಾತಾಡುತ್ತದೋ ಒಬ್ಬರೇ ಸಿಕ್ಕಾಗ ಮಾತ್ರವೋ, ಮನೆಯಲ್ಲಿ ಯಾವ ಭಾಷೆ. ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ತುಂಬಿರುವ ಭದ್ರಾವತಿಯಲ್ಲಿ ಈ ಕೊನೆಯದೊಂದು ಗೊತ್ತಿದ್ದರೂ ಹೈಸ್ಕೂಲಿನ ಮೇಷ್ಟ್ರಿಗೆ ಎಷ್ಟೋ ಮೌನಗಳ ಅರ್ಥವಾದೀತು.

ಶಿಕ್ಷಕರ ಮೇಲೆ ಮತ್ತೊಂದು ಹೊರೆ ಎಂಬ ಆಕ್ಷೇಪ ಬರುತ್ತದೆ. ನ್ಯಾಯವೇ. ಸಮೀಕ್ಷೆ, ಚುನಾವಣೆ, ದಿನಕ್ಕೊಂದು ಆನ್‌ಲೈನ್ ಮಾಹಿತಿ ಎಂದು ಅವರು ಬಸವಳಿದಿದ್ದಾರೆ. ಈ ಹಾಳೆ ಬರುವ ದಿನವೇ ಬೇರೊಂದು ದಾಖಲೆ ಹೋಗಲಿ. ಯಾವುದು ಹೋಗಬೇಕೆಂದು ಶಿಕ್ಷಕರನ್ನೇ ಕೇಳಿ, ಹೇಳುತ್ತಾರೆ. ತಯಾರಿಗೆ ಶಿವಮೊಗ್ಗದ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ. ಎರಡೂ ತಾಲ್ಲೂಕುಗಳ ಬಿಇಒಗಳು ಜಾಗಗಳ ಪಟ್ಟಿ ಮಾಡಿ ಒಪ್ಪಿಗೆ ಪಡೆಯಬಹುದು. ಮಲೆನಾಡಿನ ಮಳೆಯಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಕಷ್ಟ. ದಸರಾ ರಜೆ ಮುಗಿದ ಮೇಲಿನ ನವೆಂಬರ್ ಹದವಾದ ಕಾಲ. ಖರ್ಚೆಂದರೆ ಬಸ್ಸು, ಮತ್ತೊಂದಿಷ್ಟು ಬುತ್ತಿ.

ಮಾನ್ಯ ಸಚಿವರೇ, ಜಿಲ್ಲಾ ಪಂಚಾಯಿತಿಯ ನಿಮ್ಮ ಮುಂದಿನ ಕೆಡಿಪಿ ಸಭೆಯಲ್ಲಿ ಶಿಕ್ಷಣ ಇಲಾಖೆಯ ಸರದಿ ಬಂದಾಗ, ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಯ ಸ್ಥಾನ ಕೇಳುವ ಮೊದಲು ಉಪನಿರ್ದೇಶಕರನ್ನು ಇದನ್ನು ಕೇಳಿ: ಈ ವರ್ಷ ಏಳನೇ ತರಗತಿಯಲ್ಲಿರುವ ಮಕ್ಕಳು ಶಾಲೆಯ ಗೇಟಿನಾಚೆ ಏನೇನು ಕಂಡಿದ್ದಾರೆ? ಉತ್ತರ ಬರದಿದ್ದರೆ ಅಲ್ಲೇ, ಆ ಸಭೆಯಲ್ಲೇ, ಈ ನವೆಂಬರಿನ ಹತ್ತು ದಿನಗಳ ಆದೇಶ ಕೊಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಭದ್ರಾವತಿ