ಪಿನ್ನು ನಮ್ಮ ಕೈಲಿರ್ಲಿ

ಐವತ್ತು ದಾಟಿದ ಹೆಂಗಸ್ರು ಜಿಮ್ಮಿಗೆ ಹೋಗ್ಬೋದಾ ಅಂತ ಈಚೆಗೆ ಸುಮಾರು ಜನ ಕೇಳ್ತಾವ್ರೆ. ಧಾರಾಳವಾಗಿ ಹೋಗಿ ಅಂತೀನಿ ನಾನು. ಶ್ರೀರಂಗಪಟ್ಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಮ್ಮ ಕಡೆ ಎಲ್ಲಾ ಊರಲ್ಲೂ ಈಗ ಜಿಮ್ ಅವೆ. ಅಲ್ಲಿ ಕುಂತ್ಕಂಡು ಎರಡು ಹಿಡಿನ ತಲೆ ಮೇಲಕ್ಕೆ ತಳ್ಳೋ ಮಿಷಿನ್ ಇರ್ತದಲ್ಲ, ಶೋಲ್ಡರ್ ಪ್ರೆಸ್ಸು, ಅದ್ರ ವಿಚಾರಕ್ಕೆ ಮಾತ್ರ ನಂದೊಂದು ಮಾತು. ತೂಕ ಎಷ್ಟಿರ್ಬೇಕು ಅಂತ ಎತ್ತೋಳೇ ತೀರ್ಮಾನ ಮಾಡ್ಬೇಕು. ಪಕ್ಕದಲ್ಲಿ ನಿಂತಿರೋ ಹುಡುಗ ಮಾಡ್ಬಾರ್ದು.

ಹುಲ್ಲಿನ ಹೊರೆ, ಕಬ್ಬಿನ ಸೋಗೆ, ನೀರಿನ ಕೊಡ ಹೊತ್ತೋರ್ಗೆ ಇದ್ಯಾವ ಲೆಕ್ಕ ಅನ್ನೋರವ್ರೆ. ಹೊರೆ ತಲೆ ಮೇಲೆ ಕುಂತ್ಮೇಲೆ ಅದ್ರ ತೂಕ ಕತ್ತು, ಬೆನ್ನು, ಕಾಲಿಗೆ ಇಳೀತದೆ. ಕೈ ಇರೋದು ಅಲುಗಾಡ್ದಂಗೆ ಹಿಡಿಯಕ್ಕೆ ಅಷ್ಟೆ. ಭುಜಕ್ಕೆ ಕಷ್ಟ ಆಗೋದು ಹೊರೆನ ತಲೆಗೆ ಏರ್ಸೋ ಗಳಿಗೇಲಿ. ಆ ಗಳಿಗೇಲಿ ನಮ್ಮೋರು ಒಬ್ಬೊಬ್ರೇ ಕೈ ಹಾಕ್ತಿರ್ಲಿಲ್ಲ. “ಬಾರವ್ವ, ವಸಿ ಎತ್ಕೊಡು” ಅಂತ ಬದಿನ ಮೇಲೆ ಹೋಗೋರ್ನ ಕರೀತಿದ್ರು. ಮೊದ್ಲು ಮಂಡಿ, ಆಮೇಲೆ ತೊಡೆ, ಆಮೇಲೆ ತಲೆ. ಮಿಷಿನ್ನಲ್ಲಿ ಎತ್ಕೊಡೋ ಕೈ ಇರಲ್ಲ. ಅದೇ ಗಳಿಗೆನ 10-12 ಸಲ ನಾವೊಬ್ರೇ ಮಾಡ್ಬೇಕು.

ಭುಜದ ಮೇಲ್ಗಡೆ ಒಂದು ಮೂಳೆ ಸೂರಿನಂಗೆ ಚಾಚ್ಕಂಡೈತೆ. ಅದ್ರ ಕೆಳಗೆ ತೋಳಿನ ಮೂಳೆಯ ಗುಂಡು. ಇವೆರಡ್ರ ಸಂದಿಲಿ, ತೋಳು ಎತ್ತೋ ಸ್ನಾಯುವಿನ ಹುರಿ ಹಾದೋಯ್ತದೆ. ತೋಳು ಮೇಲಕ್ಕೋದಂಗೆ ಸಂದಿ ಕಿರಿದಾಯ್ತದೆ, ವಯಸ್ಸಾದಂಗೆ ಹುರಿನೂ ಸವೀತದೆ. ಇದ್ರ ಜೊತೆಗೆ ಭುಜ ಹಿಡ್ಕಳೋ ಕಾಯಿಲೆ, ಫ್ರೋಜನ್ ಶೋಲ್ಡರ್. 40ರಿಂದ 60ರ ಒಳಗೆ ಬರೋದು ಜಾಸ್ತಿ, ಗಂಡಸ್ರಿಗಿಂತ ಹೆಂಗಸ್ರಿಗೆ ಜಾಸ್ತಿ, ಸಕ್ಕರೆ ಕಾಯಿಲೆ ಇದ್ರಂತೂ ಇನ್ನೂ ಜಾಸ್ತಿ. ಜಡೆ ಹಾಕಕ್ಕಾಗಲ್ಲ, ರವಿಕೆ ತೊಡಕ್ಕಾಗಲ್ಲ, ಅಟ್ಟದ ಡಬ್ಬ ಇಳ್ಸಕ್ಕೆ ಪಕ್ಕದ ಮನೆ ಹುಡುಗನ್ನ ಕರೀಬೇಕು. ಹಂಗೆ ಹಿಡ್ಕಂಡಿರೋ ಭುಜನ ಮಿಷಿನ್ನಿಗೆ ಹಾಕಿ ಬುಡಿಸ್ಕತೀನಿ ಅನ್ಬೇಡಿ. ಮೊದ್ಲು ಡಾಕ್ಟ್ರು, ಆಮೇಲೆ ಜಿಮ್ಮು.

ನೋವಿಲ್ದೋರು ಹಿಂಗೆ ಮಾಡಿ. ಸೀಟು ಏರಿಸಿ ಇಳಿಸಿ, ಹಿಡಿಗಳು ಭುಜದಿಂದ ಕಿವಿ ಮಟ್ಟದೊಳಗೆ ಬರಂಗೆ ಮಾಡ್ಕಳಿ. ಪಿನ್ನು ಮೇಲಿನ ಮೊದಲ್ನೇ ಬಿಲ್ಲೆಗೆ ಹಾಕಿ, ಪೂರ್ತಿ ಒಳಕ್ಕೋಗಿದ್ದದಾ ಅಂತ ನೋಡಿ. ಸೆರಗು, ದುಪಟ್ಟ, ಸರ ಎಲ್ಲಾ ಭದ್ರವಾಗಿ ಸಿಗ್ಸಿ, ಜಡೆ ಮೇಲಕ್ಕೆ ಕಟ್ಟಿ. ಬೆನ್ನು ದಿಂಬಿಗೆ, ಪಾದ ನೆಲಕ್ಕೆ. ಮೊಣಕೈನ ಪಕ್ಕಕ್ಕೆ ರೆಕ್ಕೆಯಂಗೆ ಹರಡ್ಬೇಡಿ, ವಸಿ ಮುಂದಕ್ಕಿರ್ಲಿ. ತಳ್ಳುವಾಗ ಉಸ್ರು ಬುಡಿ, ಇಳಿಸುವಾಗ ಎಳ್ಕಳಿ. ಉಸ್ರು ಕಟ್ಟಿ ತಳ್ಳುದ್ರೆ ಬಿಪಿ ಏರ್ತದೆ, ಮಾತ್ರೆ ನುಂಗೋರು ಮರೀಬಾರ್ದು. ಮೇಲೆ ಹೋದಾಗ ಮೊಣಕೈನ ಸೆಟ್ಸಿ ನಿಲ್ಲಿಸ್ಬೇಡಿ, ಕೆಳಕ್ಕೆ ದಡಾರಂತ ಬುಡ್ಬೇಡಿ. ಹತ್ತು ಸಲ ಎತ್ತುದ್ಮೇಲೂ ಇನ್ನೆರಡು ಸಲ ಎತ್ಬೋದು ಅನ್ನಿಸ್ಬೇಕು, ಅದೇ ಸರಿಯಾದ ತೂಕ. ಸ್ನಾಯುಗೆ ಬಲ ಕೊಡೋ ವ್ಯಾಯಾಮ ವಾರಕ್ಕೆ ಎರಡು ದಿನನಾದ್ರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳ್ತದೆ. ನಮಗೆ ಆ ಎರಡು ದಿನ ಸಾಕು, ನಡುವೆ ಭುಜಕ್ಕೆ ಬುಡುವು ಕೊಡಿ.

ಸೊಂಟ ಬಿಲ್ಲಿನಂಗೆ ಬಾಗ್ತಾ ಐತೆ ಅಂದ್ರೆ ತೂಕ ಜಾಸ್ತಿ ಆಗೈತೆ ಅಂತ್ಲೇ ತಿಳ್ಕಳಿ. ಒಲಿಂಪಿಕ್ಸಲ್ಲೂ ಭಾರ ಎತ್ತೋರಿಗೆ ಮೊದ್ಲು ಪ್ರೆಸ್ ಅಂತ ಒಂದು ಪಟ್ಟು ಇತ್ತು. ಹಿಂದಕ್ಕೆ ಬಾಗಿ ಎತ್ತೋದು ಮಿತಿ ಮೀರಿ, ತೀರ್ಪು ಕೊಡೋದೂ ಕಷ್ಟ ಆಗಿ, 1972ರ ಮ್ಯೂನಿಕ್ ಒಲಿಂಪಿಕ್ಸ್ ಆದ್ಮೇಲೆ ಅದನ್ನ ತಗ್ದೇಬುಟ್ರು. ಅಂಥ ಜಟ್ಟಿಗಳೇ ಬಾಗಿದ್ಮೇಲೆ ನಮ್ಮ ಸೊಂಟ ಕೇಳ್ಬೇಕಾ?

ಪಾರ್ಕಲ್ಲಿ ಹಾಕಿರೋ ಮಿಷಿನ್ ಪುಕ್ಕಟೆ ಅಂತ ಮೊದ್ಲು ಅಲ್ಲಿಗೆ ಹೋಗೋರೇ ಜಾಸ್ತಿ. ಅವಕ್ಕೆ ಸಾಮಾನ್ಯವಾಗಿ ಪಿನ್ನೇ ಇರಲ್ಲ. ತಳ್ಳುದ್ರೆ ನಾವು ಕುಂತಿರೋ ಸೀಟೇ ಮೇಲಕ್ಕೇಳ್ತದೆ, ನಮ್ಮ ಮೈತೂಕವೇ ಅಲ್ಲಿ ಬಿಲ್ಲೆ. 75 ಕೆಜಿ ಇರೋಳಿಗೆ 50 ಕೆಜಿಯೋಳಿಗಿಂತ ಭಾರ ಜಾಸ್ತಿ, ಕಮ್ಮಿ ಮಾಡ್ಕಳಕ್ಕೆ ದಾರಿನೇ ಇಲ್ಲ. ಶುರು ಮಾಡೋರಿಗೆ ಅದಕ್ಕಿಂತ ಮನೇಲಿ ಅರ್ಧ ಲೀಟರ್ ನೀರಿನ ಬಾಟ್ಲಿ ಹಿಡ್ದು ಎತ್ತೋದೇ ವಾಸಿ.

ಸ್ನಾಯು ದಣಿದು ಉರಿಯೋದು ಬೇರೆ, ಕೀಲಲ್ಲಿ ಚುಚ್ಚೋದು ಬೇರೆ. ಚುಚ್ಚುದ್ರೆ ಅಲ್ಲೇ ನಿಲ್ಸಿ. ರಾತ್ರಿ ಆ ಮಗ್ಗುಲಿಗೆ ಮಲಗಕ್ಕಾಗ್ದಿದ್ರೆ ತೋರ್ಸಿ. ಎದೆ ಒತ್ತಿ, ಬೆವ್ರು ಕಿತ್ಕಂಡು, ನೋವು ಭುಜಕ್ಕೋ ತೋಳಿಗೋ ಹರಿದ್ರೆ ಅದನ್ನ ಜಿಮ್ಮಿನ ನೋವು ಅನ್ಬೇಡಿ, ಆ ಗಳಿಗೇಲೇ ಹತ್ರದ ಆಸ್ಪತ್ರೆಗೆ ಹೊರಡಿ.

“ಇನ್ನೊಂದು ಬಿಲ್ಲೆ ಹಾಕ್ಲಾ ಆಂಟಿ?” ಅಂತ ಹುಡುಗ್ರು ಕೇಳ್ತಾರೆ. ಕೆಟ್ಟ ಮನ್ಸಿಂದಲ್ಲ, ಅವರ ಭುಜಕ್ಕೆ ಇಪ್ಪತ್ತೈದು ವರ್ಷ. ನಾವು ನಾಚ್ಕಂಡು ಹೂಂ ಅಂದ್ಬುಡ್ತೀವಿ. ಮನೇಲಿ ಎಷ್ಟು ಜನದ ಮಾತಿಗೆ ಹೂಂ ಅಂದಿಲ್ಲ ಕಣ್ರವ್ವ? ಇಲ್ಲೊಂದು ಕಡೆ ಬ್ಯಾಡಪ್ಪ ಅನ್ನಣ. ನಾಳೆ ಬೆಳಿಗ್ಗೆ ಅದೇ ಕೈಲೇ ಮುದ್ದೆ ತಿರುವ್ಬೇಕು.