ಚಾರ್ಜ್ ಕಾಣದ ಪ್ಲಗ್-ಇನ್ ಕಾರು ಮತ್ತು ಪಾವಗಡದ ಬಿಸಿಲು

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಹೊಂದಿರುವ ಹೈಬ್ರಿಡ್ ಕಾರುಗಳಲ್ಲಿ ಎರಡು ಬಗೆ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಂತಹ ಕಾರುಗಳಿಗೆ ಪ್ಲಗ್ ಇಲ್ಲ. ಎಂಜಿನ್ನಿನಿಂದಲೂ ಬ್ರೇಕ್ ಹಾಕಿದಾಗ ಮರಳಿ ದೊರೆಯುವ ಶಕ್ತಿಯಿಂದಲೂ ಅವುಗಳ ಪುಟ್ಟ ಬ್ಯಾಟರಿ ತುಂಬುತ್ತದೆ. ಎರಡನೆಯ ಬಗೆ ಪ್ಲಗ್-ಇನ್ ಹೈಬ್ರಿಡ್. ಇದರ ಬ್ಯಾಟರಿ ದೊಡ್ಡದು. ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ 40ರಿಂದ 80 ಕಿಲೋಮೀಟರ್‌ವರೆಗೆ ಪೆಟ್ರೋಲ್ ಸುಡದೆ ಓಡಬಲ್ಲದು. ನಮ್ಮ ದೇಶದಲ್ಲಿ ಇಂತಹ ಕಾರುಗಳು ಇನ್ನೂ ವಿರಳ, ಬೆಲೆಯೂ ದುಬಾರಿ. ಆದರೆ ಅವುಗಳಿಗೆ 'ಪರಿಸರಸ್ನೇಹಿ' ಎಂಬ ಬಿರುದು ಮಾತ್ರ ಆಗಲೇ ದೊರೆತಾಗಿದೆ. ಆ ಬಿರುದಿಗೆ ಅವು ಅರ್ಹವೇ ಎಂಬುದು ಒಂದೇ ಒಂದು ಸಂಗತಿಯನ್ನು ಅವಲಂಬಿಸಿದೆ: ಅವುಗಳನ್ನು ದಿನನಿತ್ಯ ಚಾರ್ಜ್ ಮಾಡಲಾಗುತ್ತಿದೆಯೇ?

ಚಾರ್ಜ್ ಮಾಡದಿದ್ದರೆ ಕಾರು ನಿಂತುಹೋಗುವುದಿಲ್ಲ. ಬ್ಯಾಟರಿ ಬರಿದಾದೊಡನೆ ಎಂಜಿನ್ ಹೊಣೆ ಹೊತ್ತು, ಅದು ಸಾಧಾರಣ ಹೈಬ್ರಿಡ್‌ನಂತೆ ಮುಂದುವರಿಯುತ್ತದೆ. ಮಾರಾಟಗಾರರು ಇದನ್ನು ಅನುಕೂಲವೆಂದು ಹೇಳುತ್ತಾರೆ. ಕರೆಂಟ್ ಕೈಕೊಡುವ ಹಳ್ಳಿಗಳಿಗೆ ಅದು ಅನುಕೂಲವೂ ಹೌದು. ಆದರೆ ತೊಡಕು ಇರುವುದೂ ಅಲ್ಲಿಯೇ. ಎಂದೂ ಚಾರ್ಜ್ ಕಾಣದ ಪ್ಲಗ್-ಇನ್ ಕಾರು ನೂರು ಕಿಲೋಗೂ ಮಿಗಿಲಾದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗುವ ಪೆಟ್ರೋಲ್ ಕಾರಷ್ಟೇ. ಜೋಡೆತ್ತಿನ ಗಾಡಿಯಲ್ಲಿ ಒಂದೆತ್ತನ್ನು ನೊಗಕ್ಕೆ ಕಟ್ಟಿ, ಇನ್ನೊಂದನ್ನು ಗಾಡಿಯ ಮೇಲೆ ಹತ್ತಿಸಿಕೊಂಡು ಹೋದಂತೆ.

ಇದು ಬರಿಯ ಊಹೆಯಲ್ಲ. ಯೂರೋಪಿನಲ್ಲಿ 2021ರಿಂದ ನೋಂದಣಿಯಾದ ಹೊಸ ಕಾರುಗಳು ತಾವು ನಿಜವಾಗಿ ಬಳಸಿದ ಇಂಧನವನ್ನು ತಾವೇ ದಾಖಲಿಸಿಕೊಳ್ಳುತ್ತವೆ. ಆ ದಾಖಲೆಗಳನ್ನು ಆಧರಿಸಿ ಯೂರೋಪಿಯನ್ ಆಯೋಗ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಶಾಲೆಯ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಅಧಿಕ. ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದಿರುವುದೇ ಇದಕ್ಕೆ ಮುಖ್ಯ ಕಾರಣ. ಕಂಪನಿಗಳು ನೌಕರರಿಗೆ ನೀಡಿದ ಕಾರುಗಳಲ್ಲಂತೂ ವಿದ್ಯುತ್ತಿನ ಓಟ ತೀರ ಕಡಿಮೆಯೆಂದು 2022ರ ಒಂದು ಅಧ್ಯಯನ ತೋರಿಸಿತು. ಪೆಟ್ರೋಲಿನ ಹಣವನ್ನು ಕಂಪನಿಯೇ ಕೊಡುವಾಗ ಪ್ಲಗ್ ಚುಚ್ಚುವ ಗೋಜು ಯಾರಿಗೆ ಬೇಕು?

ಹಾಗಾದರೆ ನಮ್ಮ ಬೆಟ್ಟಸೀಮೆಯ ಲೆಕ್ಕವೇನು? ಕೊರಟಗೆರೆಯಿಂದ ತುಮಕೂರಿಗೆ ಮೂವತ್ತು ಕಿಲೋಮೀಟರಿಗೂ ಕಡಿಮೆ. ಮಧುಗಿರಿಯಿಂದ ನಲವತ್ತಕ್ಕಿಂತ ತುಸು ಹೆಚ್ಚು. ಶಿರಾದಿಂದ ಸುಮಾರು 50. ಅಲ್ಲಿಗೆ ಹೋಗಿ, ಚಾರ್ಜ್ ಮಾಡಿಕೊಂಡು ಮರಳುವುದಾದರೆ ಈ ಮೂರು ಪ್ರಯಾಣಗಳ ಬಹುಪಾಲನ್ನು ವಿದ್ಯುತ್ತಿನಲ್ಲಿಯೇ ಮುಗಿಸಬಹುದು. ಪಾವಗಡದಿಂದ ತುಮಕೂರು ಸುಮಾರು 100 ಕಿಲೋಮೀಟರ್; ಅಲ್ಲಿ ಅರ್ಧ ದಾರಿಗೆ ಪೆಟ್ರೋಲೇ ಗತಿ. 10 ಯೂನಿಟ್ ತುಂಬಿಸಲು ಮನೆಯ ಗಟ್ಟಿ ಸಾಕೆಟ್ಟಿನಲ್ಲಿ ನಾಲ್ಕೈದು ಗಂಟೆ ಬೇಕು. ಅದಕ್ಕೆ ಸರಿಯಾದ ಅರ್ಥಿಂಗ್ ಇರಲೇಬೇಕು. ಪಂಪ್‌ಸೆಟ್ಟಿನ ಮಾರ್ಗದಿಂದ ತಂತಿ ಎಳೆಯುವುದು ಸಲ್ಲದು.

ಯಾವ ಹೊತ್ತಿನಲ್ಲಿ ಚಾರ್ಜ್ ಮಾಡುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಒಂದು ಕಿಲೋಮೀಟರಿಗೆ ಸುಮಾರು 150 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ 700 ಗ್ರಾಂಗಿಂತ ತುಸು ಹೆಚ್ಚು ಡೈಆಕ್ಸೈಡ್ ಇರುತ್ತದೆ. ಯೂನಿಟ್ಟಿಗೆ ಐದು ಕಿಲೋಮೀಟರ್ ಓಡಿದರೂ ಕಿಲೋಮೀಟರಿಗೆ 140 ಗ್ರಾಂಗೂ ಮಿಗಿಲು. ಲಾಭ ಅತ್ಯಲ್ಪ. ರಾತ್ರಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ಸ್ಥಾವರಗಳ ಪಾಲು ಹೆಚ್ಚಿರುವಾಗ ಆ ಅಲ್ಪ ಲಾಭವೂ ಉಳಿಯದು. ಅದೇ ಕಾರು ನಡುಹಗಲಿನ ಸೌರ ವಿದ್ಯುತ್ತನ್ನು ಕುಡಿದರೆ ಮಾತ್ರ ನಿಜವಾದ ಉಳಿತಾಯ.

ಆ ಹಗಲಿನ ವಿದ್ಯುತ್ತು ಹುಟ್ಟುವುದು ನಮ್ಮ ಮಗ್ಗುಲಲ್ಲಿಯೇ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಇದು 2019ರ ಕೊನೆಗೆ ಪೂರ್ಣ ಸಾಮರ್ಥ್ಯ ತಲುಪಿತು. ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಕೊಟ್ಟರು. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದವರಿಗೆ ಅದು ಖಚಿತ ಆದಾಯವಾಯಿತು. ಸ್ವಂತ ಹೊಲವಿಲ್ಲದ ಕೂಲಿಕಾರರಿಗೂ ಕುರಿಗಾಹಿಗಳಿಗೂ ಮಾತ್ರ ಆ ನೆಲದ ದುಡಿಮೆ, ಮೇವು ಎರಡೂ ಇಲ್ಲವಾದವು. ಇಷ್ಟು ತೆತ್ತು ಪಡೆದ ವಿದ್ಯುತ್ತು ಹೆಚ್ಚು ಒತ್ತಡದ ತಂತಿಗಳಲ್ಲಿ ದೂರಕ್ಕೆ ಸಾಗುತ್ತಿರುವಾಗ, ದೂರದ ನಗರದಲ್ಲಿ ಪ್ಲಗ್ಗನ್ನೇ ಮುಟ್ಟದ ಕಾರೊಂದು ಹಸಿರಿನ ಹೆಸರಿನಲ್ಲಿ ರಿಯಾಯಿತಿ ಪಡೆಯುವುದು ನ್ಯಾಯವೇ?

ಉತ್ತರ ಪ್ರದೇಶ ಸರ್ಕಾರ 2024ರ ಜುಲೈನಲ್ಲಿ ಹೈಬ್ರಿಡ್ ಮತ್ತು ಪ್ಲಗ್-ಇನ್ ಹೈಬ್ರಿಡ್ ಕಾರುಗಳಿಗೆ ನೋಂದಣಿಯ ತೆರಿಗೆಯನ್ನು ಮನ್ನಾ ಮಾಡಿತು. ಕರ್ನಾಟಕವು ಆ ದಾರಿ ತುಳಿಯಬಾರದು. ರಿಯಾಯಿತಿ ಕೊಡುವುದೇ ಆದರೆ ಪ್ಲಗ್ ಇದೆ ಎಂಬ ಕಾರಣಕ್ಕಲ್ಲ. ವಿದ್ಯುತ್ತಿನಲ್ಲಿ ಓಡಿದ ಕಿಲೋಮೀಟರುಗಳ ದಾಖಲೆ ನೋಡಿ, ವರ್ಷದ ಕೊನೆಗೆ ಕೊಡಲಿ. ನಾಲ್ಕೂ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣ, ಕಾಲೇಜು, ಕೃಷಿ ಮಾರುಕಟ್ಟೆಯ ಅಂಗಳಗಳಲ್ಲಿ ಹಗಲಿನಲ್ಲಿ ಅಗ್ಗದ ದರಕ್ಕೆ ಚಾರ್ಜ್ ಮಾಡುವ ವ್ಯವಸ್ಥೆ ಬರಲಿ. ಅಲ್ಲಿ ಮೊದಲ ಹಕ್ಕು ಹತ್ತಾರು ಜನರನ್ನು ಹೊತ್ತೊಯ್ಯುವ ವಿದ್ಯುತ್ ಬಸ್ಸಿಗಿರಲಿ, ಅನಂತರ ದ್ವಿಚಕ್ರ ಮತ್ತು ಆಟೋಗಳಿಗೆ, ಕೊನೆಯದಾಗಿ ಕಾರಿಗೆ.

ಪ್ಲಗ್-ಇನ್ ಕಾರು ಕೊಳ್ಳಬಯಸುವವರು ಮೊದಲು ತಮ್ಮ ಮನೆಯ ಗೋಡೆಯನ್ನು ನೋಡಿಕೊಳ್ಳಲಿ. ಪ್ರತಿದಿನ ಚಾರ್ಜ್ ಮಾಡುವ ಅನುಕೂಲವೂ ಶಿಸ್ತೂ ಇಲ್ಲದಿದ್ದರೆ, ಹಗುರವಾದ ಸಾಧಾರಣ ಕಾರೇ ಮೇಲು. ಮಧುಗಿರಿಯ ಬಸ್ಸು ಅದಕ್ಕಿಂತಲೂ ಮೇಲು.