ಗೋಗನು ಯಾರು?

2025ರ ಜೂನ್ ತಿಂಗಳಲ್ಲಿ ಇಸ್ರೇಲ್ ಮತ್ತು ಇರಾನುಗಳು ಹನ್ನೆರಡು ದಿನ ಕಾದಾಡಿದಾಗ, ಸತ್ಯವೇದದ ಯೆಹೆಜ್ಕೇಲನ ಗ್ರಂಥದ 38ನೆಯ ಅಧ್ಯಾಯವು ಮತ್ತೊಮ್ಮೆ ಉಪದೇಶಕರ ವೇದಿಕೆಯನ್ನೇರಿತು. ಮಾಗೋಗ್ ದೇಶದ ಗೋಗನು ಪಾರಸಿಕರೇ ಮೊದಲಾದವರನ್ನು ಕೂಡಿಕೊಂಡು ಇಸ್ರೇಲಿನ ಮೇಲೆ ದಂಡೆತ್ತಿ ಬರುವನೆಂದು ಅಲ್ಲಿ ಹೇಳಿದೆ. ಪಾರಸಿಕರೆಂದರೆ ಇರಾನು, ಗೋಗನೆಂದರೆ ರಷ್ಯಾ, ಆದುದರಿಂದ ಯುಗಾಂತ್ಯವು ಸನ್ನಿಹಿತವೆಂಬುದು ಈ ವ್ಯಾಖ್ಯಾನಕಾರರ ವಾದ. ಕೊಲ್ಲಿ ನಾಡುಗಳಲ್ಲಿ ದುಡಿಯುವ ಅಣ್ಣತಮ್ಮಂದಿರನ್ನು ನೆನೆದು ಕಳವಳಪಡುವ ನಮ್ಮ ವಾಚಕರು ಇಂಥ ಮಾತನ್ನು ತೂಗಿನೋಡುವುದು ಅವಶ್ಯ.

ಗೋಗನೆಂಬ ಹೆಸರನ್ನು ಹೊತ್ತವರು ಒಬ್ಬಿಬ್ಬರಲ್ಲ. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸನ ಕಣ್ಣಿಗೆ, ರೋಮ್ ಸಾಮ್ರಾಜ್ಯವನ್ನು ನಡುಗಿಸಿದ ಗಾಥ್ ಜನರೇ ಗೋಗನಾಗಿದ್ದರು. 1530ರಲ್ಲಿ ಮಾರ್ಟಿನ್ ಲೂಥರನಿಗೆ, ಹಿಂದಿನ ವರ್ಷವಷ್ಟೇ ವಿಯೆನ್ನಾ ನಗರವನ್ನು ಮುತ್ತಿದ್ದ ತುರ್ಕರು ಗೋಗನಾದರು. 1909ರಲ್ಲಿ ಅಮೆರಿಕದ ಸ್ಕೋಫೀಲ್ಡರು ಟಿಪ್ಪಣಿಗಳೊಡನೆ ಹೊರತಂದ ಸತ್ಯವೇದವು, ಗೋಗನ ಅಧೀನದ ಮೆಷೆಕ್ ಎಂದರೆ ಮಾಸ್ಕೋ, ತೂಬಲ್ ಎಂದರೆ ಟೊಬೋಲ್ಸ್ಕ್ ಎಂದು ಸಾರಿತು. ಕಿವಿಗೆ ಕೇಳುವ ಸಾಮ್ಯದ ಹೊರತು ಇದಕ್ಕೆ ಆಧಾರವಿಲ್ಲ. ಅಸ್ಸೀರಿಯದ ಶಾಸನಗಳಲ್ಲಿ ಬರುವ ಮುಷ್ಕಿ, ತಬಾಲ್ ಜನರು ಈಗಿನ ತುರ್ಕಿಯ ಸೀಮೆಯವರು. ರಷ್ಯಾ ಎಂದು ಓದಲಾಗುವ ‘ರೋಷ್’ ಎಂಬುದು ಹೀಬ್ರೂ ಭಾಷೆಯಲ್ಲಿ ತಲೆ, ಮುಖ್ಯ ಎಂಬರ್ಥದ ಬಳಕೆಯ ಶಬ್ದ. ಇದೇ ನ್ಯಾಯದಂತೆ ಮಂಗಳ ಗ್ರಹದವರು ಮಂಗಳೂರಿನಿಂದ ಹೋದವರೆಂದೂ ಸಾಧಿಸಬಹುದು!

1970ರಲ್ಲಿ ಹಾಲ್ ಲಿಂಡ್ಸೆ ಎಂಬವರ ಪುಸ್ತಕವೊಂದು ಹೊರಬಂದು ಲಕ್ಷೋಪಲಕ್ಷ ಪ್ರತಿಗಳಲ್ಲಿ ಮಾರಾಟವಾಯಿತು. ದಾನಿಯೇಲನು ಕಂಡ ಮೃಗದ ಹತ್ತು ಕೊಂಬುಗಳನ್ನು ಅವರು ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿ ಅರಸಿದರು. 1981ರಲ್ಲಿ ಗ್ರೀಸ್ ಸೇರಿ ಸದಸ್ಯ ರಾಷ್ಟ್ರಗಳು ಹತ್ತಾದವು, 1986ರಲ್ಲಿ ಹನ್ನೆರಡಾದವು, ಈಗ 27. ಸೋವಿಯತ್ ಒಕ್ಕೂಟವೋ 1991ರಲ್ಲಿ ಒಡೆದುಹೋಯಿತು. ವ್ಯಾಖ್ಯಾನಕಾರರು ಎದೆಗುಂದಲಿಲ್ಲ, ನಕ್ಷೆಯನ್ನು ತಿದ್ದಿಕೊಂಡರು. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟವೆಂದು ಅಂಜಿ ಯಜ್ಞಯಾಗಗಳಿಗೆ ತುಪ್ಪ ಸುರಿದ ನಾಡಿನವರಿಗೆ ಅನ್ಯರನ್ನು ಕಂಡು ನಗುವ ಅಧಿಕಾರವಿಲ್ಲವೆನ್ನಿ.

ನಮ್ಮ ಆಕ್ಷೇಪವು ಯಾರ ಶ್ರದ್ಧೆಯ ಮೇಲೂ ಅಲ್ಲ. ಯುದ್ಧವು ವಿಧಿಲಿಖಿತವೆಂದು ನಂಬಿದವನ ಕಣ್ಣಿಗೆ, ಸಂಧಾನಕ್ಕಾಗಿ ಶ್ರಮಿಸುವವನು ದೈವಸಂಕಲ್ಪಕ್ಕೆ ಅಡ್ಡ ಬಂದವನಂತೆ ಕಾಣುತ್ತಾನೆ. ಗಾಜಾದಲ್ಲಿಯೂ ಉಕ್ರೇನಿನಲ್ಲಿಯೂ ಮಡಿದ ಹಸುಳೆಗಳು ಬರಿಯ ಶಕುನಗಳಾಗಿಬಿಡುತ್ತವೆ. ಇದು ನಮಗೆ ಸಹ್ಯವಲ್ಲ.

ಅದೇ ಸತ್ಯವೇದದಲ್ಲಿ ಆಮೋಸನೆಂಬ ಕುರಿಗಾಹಿಯೂ ಇದ್ದಾನೆ. ಅವನೂ ರಾಷ್ಟ್ರಗಳನ್ನು ಹೆಸರೆತ್ತಿ ಖಂಡಿಸಿದವನೇ. ಆದರೆ ಗಾಜಾದವರನ್ನು ಅವನು ದೂರಿದ್ದು, ಊರಿಗೆ ಊರನ್ನೇ ಸೆರೆಹಿಡಿದು ಪರರಿಗೊಪ್ಪಿಸಿದ್ದಕ್ಕೆ. ಅಮ್ಮೋನಿಯರನ್ನು ದೂರಿದ್ದು, ಗಡಿಯನ್ನು ವಿಸ್ತರಿಸುವ ಆಸೆಯಿಂದ ಬಸುರಿಯರ ಹೊಟ್ಟೆ ಸೀಳಿದ್ದಕ್ಕೆ. ಯಾವ ಜನಾಂಗ ಎಂಬುದಲ್ಲ, ಏನು ಮಾಡಿತು ಎಂಬುದು ಅವನ ಅಳತೆಗೋಲು. ನೆರೆಯವರ ನಿಂದೆಯನ್ನು ಕೇಳಿ ಅವನ ಶ್ರೋತೃಗಳು ತಲೆದೂಗಿರಲೂಬಹುದು. ಆದರೆ ಅವನು ಒಮ್ಮೆಲೇ ತನ್ನವರ ಕಡೆಗೇ ತಿರುಗಿದ. ಇಸ್ರೇಲಿನ ಮೇಲೆ ಅವನು ಹೊರಿಸಿದ ಅಪರಾಧವು ದಂಡಯಾತ್ರೆಯದಲ್ಲ. ಒಂದು ಜೊತೆ ಕೆರದ ಬೆಲೆಗೆ ದರಿದ್ರನನ್ನು ಮಾರಿದುದು, ಬಡವರು ಒತ್ತೆಯಿಟ್ಟ ಬಟ್ಟೆಯನ್ನು ಹಾಸಿಕೊಂಡು ಯಜ್ಞವೇದಿಯ ಪಕ್ಕದಲ್ಲೇ ಒರಗಿದುದು. ತಿಂಗಳ ಕೊನೆಗೆ ಸಂಬಳದ ಬದಲು ಮುಂಗಡದ ಲೆಕ್ಕವನ್ನು ಎದುರಿಸಿದ ಹೋಟೆಲು ಕಾರ್ಮಿಕನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೋಸನ ಈ ಮಾತುಗಳಿಗೆ ಭೂಪಟ ಬರೆದು ಮಾರಿದವರನ್ನು ನಾವು ಇದುವರೆಗೆ ಕಂಡಿಲ್ಲ.